ಶನಿವಾರ ಯಾವ ಆಟ? ಮಕ್ಕಳೇ ಸಮೀಕ್ಷೆ ಮಾಡಲಿ

ದತ್ತಾಂಶ ನಿರ್ವಹಣೆಯ, ಅಂದರೆ ಮಾಹಿತಿ ಕಲೆಹಾಕಿ ಎಣಿಸಿ ಓದುವ, ಪಾಠ ಅನೇಕ ಶಾಲೆಗಳಲ್ಲಿ ಬಾಲದಿಂದ ಶುರುವಾಗುತ್ತದೆ. ಪುಸ್ತಕದಲ್ಲಿ ಕೋಷ್ಟಕ ಸಿದ್ಧವಾಗಿರುತ್ತದೆ. ಮಕ್ಕಳು ಅದನ್ನು ನೋಡಿ ಸ್ತಂಭಾಲೇಖ (ಬಾರ್ ಗ್ರಾಫ್) ಬರೆದು ಬಣ್ಣ ತುಂಬುತ್ತಾರೆ. ಆ ಅಂಕಿಗಳು ಎಲ್ಲಿಂದ ಬಂದವು, ಯಾರು ಯಾರನ್ನು ಕೇಳಿದರು ಎಂಬುದು ಯಾರಿಗೂ ಬೇಕಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸಬೇಕಾದದ್ದು ಮೊದಲು ಅದನ್ನೇ. ಬಣ್ಣ ತುಂಬುವುದು ಅವರಿಗೆ ಹೇಗೂ ಬರುತ್ತದೆ.

ಪ್ರಶ್ನೆ ಆರಿಸುವುದು

ಉತ್ತರದಿಂದ ಏನಾದರೂ ತೀರ್ಮಾನವಾಗುವಂತಹ ಪ್ರಶ್ನೆ ಇರಲಿ. ಇಷ್ಟದ ಬಣ್ಣ ಯಾವುದೆಂದು 28 ಮಕ್ಕಳನ್ನು ಕೇಳಿ ಗುಡ್ಡೆ ಹಾಕಿದ ಉತ್ತರಗಳನ್ನು ಏನು ಮಾಡುವುದೆಂದು ಶಿಕ್ಷಕರಿಗೂ ತಿಳಿಯುವುದಿಲ್ಲ. ಅದರ ಬದಲು, ‘ಬ್ಯಾಗ್ ಇಲ್ಲದ ಶನಿವಾರ ಮೈದಾನದಲ್ಲಿ ಯಾವ ಆಟ ಆಡೋಣ?’ ಎಂದು ಕೇಳಿ ನೋಡಿ. ಉತ್ತರಕ್ಕೆ ಬೆಲೆಯಿದೆ ಎಂದು ಗೊತ್ತಾದ ಮೇಲೆ ಮಕ್ಕಳು ಎಣಿಕೆಯಲ್ಲಿ ಮೈಯೆಲ್ಲಾ ಕಣ್ಣಾಗುತ್ತಾರೆ.

ಆಯ್ಕೆಗಳು ನಾಲ್ಕೇ ಸಾಕು: ಲಗೋರಿ, ಕಬಡ್ಡಿ, ಖೊಖೊ, ಕುಂಟೆಬಿಲ್ಲೆ. ಒಬ್ಬರಿಗೆ ಒಂದೇ ಉತ್ತರ. ‘ಯಾವುದಾದರೂ ಸರಿ’ ಎನ್ನುವ ಮಗು ಇದ್ದೇ ಇರುತ್ತದೆ. ಅದಕ್ಕೊಂದು ಖಾನೆ ಬೇಕೋ ಬೇಡವೋ ಎಂಬುದನ್ನು ಕೇಳಲು ಹೊರಡುವ ಮುನ್ನವೇ ತರಗತಿ ತೀರ್ಮಾನಿಸಿಕೊಳ್ಳಲಿ.

ಬೆಳಿಗ್ಗೆ ಏನು ತಿಂಡಿ ತಿಂದೆ, ಅಪ್ಪನ ಕೆಲಸ ಏನು, ಮನೆಯಲ್ಲಿ ಎಷ್ಟು ಮೊಬೈಲ್ ಇವೆ ಎಂಬ ಪ್ರಶ್ನೆಗಳ ತಂಟೆಗೆ ಹೋಗಬೇಡಿ. ಏನೂ ತಿನ್ನದೆ ಬಂದ ಮಗು ಎಲ್ಲರೆದುರು ಏನು ಹೇಳಬೇಕು? ಶಾಲೆಯಲ್ಲೇ ಕೊಡುವ ಮೊಟ್ಟೆ, ಬಾಳೆಹಣ್ಣಿನಲ್ಲಿ ಯಾವುದು ಬೇಕೆಂಬ ಪ್ರಶ್ನೆ ಕೂಡ ಮೇಲ್ನೋಟಕ್ಕೆ ಕಾಣುವಷ್ಟು ಸರಳವಲ್ಲ. ಅದು ಮನೆಯ ಆಚಾರ ವಿಚಾರಗಳನ್ನು ತರಗತಿಯ ನಡುವೆ ತಂದು ನಿಲ್ಲಿಸುತ್ತದೆ.

ಕೇಳುವುದು, ಗುರುತು ಹಾಕುವುದು

ಒಂದು, ಎರಡನೇ ತರಗತಿಗೆ ಪೆನ್ಸಿಲ್ ಬೇಡ. ಪ್ರತಿ ಮಗುವಿಗೂ ಒಂದೊಂದು ಖಾಲಿ ಬೆಂಕಿಪೊಟ್ಟಣ ಕೊಡಿ. ತನ್ನ ಆಟದ ಚಿತ್ರದ ಮೇಲೆ ಅದನ್ನು ಒಂದರ ಮೇಲೊಂದು ಪೇರಿಸಲಿ. ಪೊಟ್ಟಣಗಳೆಲ್ಲ ಒಂದೇ ಅಳತೆಯವಾದ್ದರಿಂದ ಎತ್ತರದ ಪೇರಿಕೆಯೇ ಹೆಚ್ಚು ಮಂದಿ ಬಯಸಿದ ಆಟ. ಕಲ್ಲು, ಹುಣಸೆಬೀಜಗಳನ್ನು ಸಾಲಾಗಿ ಇಟ್ಟರೆ ಎಡವಟ್ಟಾಗುತ್ತದೆ: ದೂರ ದೂರ ಇಟ್ಟ ಐದು ಬೀಜಗಳ ಸಾಲು ಒತ್ತಾಗಿ ಇಟ್ಟ ಏಳರ ಸಾಲಿಗಿಂತ ಉದ್ದ ಕಾಣುತ್ತದೆ. ಬೀಜವೇ ಇರುವುದಾದರೆ ನೆಲದ ಮೇಲೆ ಸೀಮೆಸುಣ್ಣದಿಂದ ಸಮನಾದ ಚೌಕಗಳನ್ನು ಬರೆದು, ಚೌಕಕ್ಕೊಂದರಂತೆ ಇಡಿಸಿ.

ಮೂರನೇ ತರಗತಿಯಿಂದ ತಾಳೆ (ಟ್ಯಾಲಿ) ಗುರುತು. ನಾಲ್ಕು ನೇರ ಗೆರೆ, ಐದನೆಯದು ಅವುಗಳ ಮೇಲೆ ಅಡ್ಡ. ಇಲ್ಲಿ ಬಹಳಷ್ಟು ಮಕ್ಕಳು ಐದು ಗೆರೆ ಎಳೆದು, ಆರನೆಯದನ್ನು ಅಡ್ಡ ಹಾಕಿ, ಅದನ್ನು ಐದೆಂದು ಎಣಿಸುತ್ತಾರೆ. ಅಂಗೈ ತೆರೆದು, ನಾಲ್ಕು ಬೆರಳುಗಳ ಬುಡಕ್ಕೆ ಅಡ್ಡಲಾಗಿ ಹೆಬ್ಬೆರಳು ಮಡಚಿ ತೋರಿಸಿದರೆ ಗೊಂದಲ ಕಳೆಯುತ್ತದೆ.

ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರು ಕೇಳಲಿ, ಇನ್ನೊಬ್ಬರು ಗುರುತು ಹಾಕಲಿ. ‘ಲಗೋರಿ ತಾನೇ?’ ಎಂದು ಕೇಳುವ ಜಾಣರಿರುತ್ತಾರೆ. ಎಲ್ಲರಿಗೂ ಒಂದೇ ಮಾತಿನಲ್ಲಿ, ನಾಲ್ಕೂ ಹೆಸರು ಹೇಳಿ ಕೇಳಬೇಕು ಎಂಬ ನಿಯಮ ಇವರಿಗಾಗಿಯೇ. ಉತ್ತರ ಕಿವಿಯಲ್ಲಿ ಹೇಳುವಂತಿರಲಿ. ತರಗತಿಯ ನಾಯಕ ಗಟ್ಟಿಯಾಗಿ ‘ಕಬಡ್ಡಿ’ ಎಂದುಬಿಟ್ಟರೆ ಮುಂದಿನ ಹತ್ತು ಮಂದಿಯೂ ಕಬಡ್ಡಿಯೇ.

ಲೆಕ್ಕ ತಪ್ಪಿದಾಗ

28 ಮಕ್ಕಳ ತರಗತಿಯಲ್ಲಿ 31 ಗುರುತು ಬರುತ್ತವೆ. ಬರಲಿ. ಪಾಠದ ಸಾರವೆಲ್ಲ ಇರುವುದು ಇಲ್ಲಿ, ಆದ್ದರಿಂದ ಸರಿಯಾದ ಸಂಖ್ಯೆಯನ್ನು ನೀವು ಹೇಳಿಕೊಡಬೇಡಿ. ಹೆಚ್ಚಾದ ಮೂರು ಎಲ್ಲಿಂದ ಬಂದವು? ಇಬ್ಬರು ಕೇಳಿದಾಗ ಇಬ್ಬರಿಗೂ ಉತ್ತರ ಕೊಟ್ಟವರು ಯಾರು, ಸ್ನೇಹಿತನ ಮಾತು ಕೇಳಿ ಮನಸ್ಸು ಬದಲಿಸಿದವರು ಯಾರು? ಕೇಳುತ್ತಾ ತಿರುಗಿದ ಮಕ್ಕಳು ತಮ್ಮನ್ನೇ ಲೆಕ್ಕಕ್ಕೆ ಹಿಡಿಯದಿರುವುದೂ ಉಂಟು. ಆಗ ಗುರುತುಗಳು ಕಡಿಮೆ ಬೀಳುತ್ತವೆ. ಕೊನೆಗೆ ಯಾರಾದರೂ ಹಾಜರಿ ಪಟ್ಟಿ ತಂದು, ಕೇಳಿದವರ ಹೆಸರಿನ ಮುಂದೆ ಟಿಕ್ ಹಾಕೋಣ ಎನ್ನುತ್ತಾರೆ. ಆ ಉಪಾಯ ಮಕ್ಕಳ ಬಾಯಿಂದಲೇ ಬರುವವರೆಗೆ ಕಾಯಬೇಕು.

ದೊಡ್ಡವರ ಎಣಿಕೆಗೂ ಇದೇ ತಲೆನೋವು. ಭಾರತದಲ್ಲಿ ಎಲ್ಲೆಡೆ ಏಕಕಾಲಕ್ಕೆ ಮೊದಲ ಜನಗಣತಿ ನಡೆದದ್ದು 1881ರಲ್ಲಿ. ಒಂದೂರಿನಿಂದ ಇನ್ನೊಂದೂರಿಗೆ ಹೋದವರು ಎರಡು ಕಡೆ ಲೆಕ್ಕಕ್ಕೆ ಸಿಗಬಾರದೆಂದೇ ಜನಗಣತಿಗೆ ಒಂದು ದಿನ, ಒಂದು ಹೊತ್ತು ಗೊತ್ತುಮಾಡುತ್ತಾರೆ. ಜನಗಣತಿಗೆ ಮನೆ ಮನೆ ಸುತ್ತಿದ ಶಿಕ್ಷಕರು ಶಾಲೆಯಲ್ಲಿದ್ದರೆ ಅವರನ್ನು ಕರೆಸಿ ಮಾತನಾಡಿಸಿ. ಬೀಗ ಹಾಕಿದ ಮನೆಯ ಕಥೆ ಒಂದಾದರೂ ಅವರ ಬಳಿ ಇರುತ್ತದೆ.

ಓದುವುದು

ಚೌಕಳಿ ಹಾಳೆಯಲ್ಲಿ ಒಂದು ಮಗುವಿಗೆ ಒಂದು ಚೌಕದಂತೆ ತುಂಬಿಸಿದರೆ ಸ್ತಂಭಾಲೇಖ ಮುಗಿಯಿತು. ಹಾಳೆಯ ತಲೆಯಲ್ಲಿ ದಿನಾಂಕ ಮತ್ತು ಯಾರನ್ನು ಕೇಳಿದ್ದು ಎಂಬುದು ಇರಲೇಬೇಕು. ಯಾವುದು ಹೆಚ್ಚು, ಎಷ್ಟು ಹೆಚ್ಚು ಎಂದು ಕೇಳಿದ ಮೇಲೆ, ಈ ಹಾಳೆ ಏನನ್ನು ಹೇಳುವುದಿಲ್ಲ ಎಂದೂ ಕೇಳಿ. ‘ನಮ್ಮ ಶಾಲೆಗೆ ಲಗೋರಿ ಇಷ್ಟ’ ಎಂದು ಮಗು ಬರೆದರೆ, ಐದನೇ ತರಗತಿಯವರನ್ನು ಕೇಳಿದೆಯಾ ಎಂಬ ಒಂದು ಪ್ರಶ್ನೆ ಸಾಕು.

ಸಮೀಕ್ಷೆಯನ್ನು ಬುಧವಾರವೇ ಮುಗಿಸಿಕೊಳ್ಳಿ. ಲಗೋರಿ 11, ಕಬಡ್ಡಿ 11, ಖೊಖೊ 4, ಕುಂಟೆಬಿಲ್ಲೆ 2 ಎಂದು ಬಂದರೆ ಉಳಿದ ಆರು ಮಂದಿಯನ್ನು ಮಾತ್ರ ಮತ್ತೆ ಕೇಳಬೇಕೋ, ಎಲ್ಲ 28 ಮಂದಿಯನ್ನೂ ಹೊಸದಾಗಿ ಕೇಳಬೇಕೋ ಎಂಬ ವಾದ ಏಳುತ್ತದೆ. ಅದು ಒಂದೇ ಪೀರಿಯಡ್‌ನಲ್ಲಿ ಮುಗಿಯುವಂಥದ್ದಲ್ಲ.