ಮನೆಗೆ ಎರಡು ಲೈನ್: ನಾನು 48 ವೋಲ್ಟ್ ಡಿಸಿ ವೈರಿಂಗ್ ಮಾಡಿಕೊಂಡ ಬಗೆ

ನಾನು ವೈರಿಂಗ್ ಕೆಲಸದವನು. ನನ್ನ ಮನೆಯ ವೈರಿಂಗ್ ಹೊಸದಾಗಿ ಮಾಡುವಾಗ 230 ವೋಲ್ಟ್ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟು) ಲೈನಿನ ಜೊತೆಗೆ 48 ವೋಲ್ಟಿನ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟು) ಲೈನನ್ನೂ ಎಳೆದುಕೊಂಡೆ. ಮುಂದೆ ಕಟ್ಟುವ ಮನೆಗಳಿಗೆ ಈ ಎರಡೂ ಬೇಕಾಗುತ್ತವೆ ಅಂತ ನನಗೆ ಗಟ್ಟಿ ನಂಬಿಕೆ ಇದೆ.

ಎಲ್ಇಡಿ ದೀಪ, ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರಿನ) ಫ್ಯಾನು, ಮೊಬೈಲು, ಲ್ಯಾಪ್‌ಟಾಪು, ರೂಟರು ಎಲ್ಲವೂ ಒಳಗೆ ಕೆಲಸ ಮಾಡುವುದು ಡಿಸಿಯಲ್ಲೇ. ಸೋಲಾರ್ ಪ್ಯಾನೆಲ್ ಕೊಡುವುದು ಡಿಸಿ, ಬ್ಯಾಟರಿ ಕೊಡುವುದೂ ಡಿಸಿ. ಆದರೂ ಇನ್ವರ್ಟರ್ ಇಟ್ಟು ಅದನ್ನು ಎಸಿ ಮಾಡುತ್ತೇವೆ, ಆಮೇಲೆ ಒಂದೊಂದು ಅಡಾಪ್ಟರಿನಲ್ಲೂ ಮತ್ತೆ ಡಿಸಿ ಮಾಡುತ್ತೇವೆ. ಬದಲಾಯಿಸಿದಾಗಲೆಲ್ಲ ಸ್ವಲ್ಪ ವಿದ್ಯುತ್ತು ಶಾಖವಾಗಿ ಹೋಗುತ್ತದೆ. ಚಾರ್ಜರ್ ಮುಟ್ಟಿ ನೋಡಿದರೆ ಗೊತ್ತಾಗುತ್ತದಲ್ವಾ? ಇನ್ವರ್ಟರ್ ಕೂಡ ಸುಮ್ನೆ ಆನ್ ಆಗಿದ್ದರೂ ಬ್ಯಾಟರಿ ತಿನ್ನುತ್ತಲೇ ಇರುತ್ತದೆ.

12 ವೋಲ್ಟ್ ಸಾಕಲ್ವಾ ಅಂತ ಜಾಸ್ತಿ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. 240 ವಾಟ್ ಲೋಡಿಗೆ 12 ವೋಲ್ಟಿನಲ್ಲಿ 20 ಆಂಪ್ ಬೇಕು, 48 ವೋಲ್ಟಿನಲ್ಲಿ 5 ಆಂಪ್ ಸಾಕು. 2.5 ಚದರ ಮಿ.ಮೀ. ತಾಮ್ರದ ವೈರು 10 ಮೀಟರ್ ದೂರ ಹೋಗಿ ಬಂದರೆ ಅದರ ರೆಸಿಸ್ಟೆನ್ಸ್ ಸುಮಾರು 0.15 ಓಮ್. 20 ಆಂಪ್ ಹರಿದರೆ ವೈರಿನಲ್ಲೇ ಸುಮಾರು 3 ವೋಲ್ಟ್ ಬಿದ್ದುಹೋಗುತ್ತದೆ. ಇರುವ 12ರಲ್ಲಿ ಕಾಲು ಭಾಗ! 60 ವಾಟ್ ಬರೀ ವೈರು ಬಿಸಿ ಮಾಡುವುದಕ್ಕೇ ಹೋಯಿತು. 5 ಆಂಪಿನಲ್ಲಿ ಬೀಳುವುದು ಮುಕ್ಕಾಲು ವೋಲ್ಟ್, ನಷ್ಟ 4 ವಾಟಿಗೂ ಕಡಿಮೆ. ಅದಕ್ಕೇ 48.

ನನ್ನದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 16 ಸೆಲ್ ಸಾಲಾಗಿ. ಹೆಸರಿಗೆ 51.2 ವೋಲ್ಟ್, ಇದನ್ನೂ 48 ವೋಲ್ಟಿನ ಬ್ಯಾಟರಿ ಅಂತಲೇ ಕರೆಯುತ್ತಾರೆ. ಪೂರ್ತಿ ಚಾರ್ಜ್ ಆಗುವಾಗ 58ರ ಹತ್ತಿರ ಹೋಗುತ್ತದೆ, ಖಾಲಿಯಾಗುವಾಗ 45ರ ಆಸುಪಾಸಿಗೆ ಇಳಿಯುತ್ತದೆ. ಡಿಸಿ ಫ್ಯಾನು, ದೀಪದ ಡ್ರೈವರು (ಎಲ್ಇಡಿಗೆ ತಕ್ಕ ಕರೆಂಟು ಕೊಡುವ ಸರ್ಕ್ಯೂಟು) ಕೊಳ್ಳುವಾಗ ಈ ಏರಿಳಿತ ತಡೆಯುತ್ತದಾ ಅಂತ ಮೇಲಿನ ಚೀಟಿ ಓದಿಯೇ ತಂದೆ. ರೂಟರಿಗೆ ಮಾತ್ರ 12 ವೋಲ್ಟಿಗೆ ಇಳಿಸುವ ಚಿಕ್ಕ ಕನ್ವರ್ಟರ್ ಹಾಕಿದೆ.

ಸ್ವಿಚ್ಚಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಬರುತ್ತದೆ, ಹಾಗಾಗಿ ಸ್ವಿಚ್ ತೆರೆದಾಗ ಕಿಡಿ ತಾನಾಗಿಯೇ ಆರುತ್ತದೆ. ಡಿಸಿ ಸೊನ್ನೆಗೆ ಬರುವುದೇ ಇಲ್ಲ. ಮಾಮೂಲಿ ಸ್ವಿಚ್ಚೊಂದನ್ನು ಬಿಚ್ಚಿ, ಮೇಜಿನ ಮೇಲಿಟ್ಟು, 48 ವೋಲ್ಟಿನ ಲೋಡ್ ಕೊಟ್ಟು ನಿಧಾನವಾಗಿ ಆಫ್ ಮಾಡಿ ನೋಡಿದೆ. ಎರಡು ಪಾಯಿಂಟ್ ದೂರವಾಗುತ್ತಿದ್ದಂತೆ ನಡುವೆ ನೀಲಿ ಕಿಡಿ ದಾರದಂತೆ ಎಳೆದುಕೊಂಡು ಬಂತು. ಪಾಯಿಂಟ್ ಕಪ್ಪಾಯಿತು. ದಿನಾ ಹೀಗಾದರೆ ಸ್ವಿಚ್ ಎಷ್ಟು ಕಾಲ ಬಂದೀತು? ಡಿಸಿ ಲೈನಿನ ಸ್ವಿಚ್ಚು, ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), ಫ್ಯೂಸು ಎಲ್ಲದರ ಮೇಲೂ ಡಿಸಿ ರೇಟಿಂಗ್ ಬರೆದಿರಲೇಬೇಕು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

48 ವೋಲ್ಟ್ ಶಾಕ್ ಹೊಡೆಯುವ ಭಯ ಕಡಿಮೆ, ನಿಜ. ಆದರೆ ಶಾರ್ಟ್ ಆದರೆ ಲಿಥಿಯಂ ಬ್ಯಾಟರಿ ಸಾವಿರಾರು ಆಂಪ್ ಸುರಿಯಬಲ್ಲದು. ಅದಕ್ಕೇ ಮೊದಲ ಫ್ಯೂಸನ್ನು ಬ್ಯಾಟರಿ ಟರ್ಮಿನಲ್ಲಿಗೆ ತೀರಾ ಹತ್ತಿರ ಕೂರಿಸಿದೆ. ಡಿಸಿಗೆ ಬೇರೆ ಪೈಪು, ಬೇರೆ ಜಂಕ್ಷನ್ ಬಾಕ್ಸು. ಎಸಿ ಪ್ಲಗ್ ಹೋಗದಂಥ ಬೇರೆ ಆಕಾರದ ಸಾಕೆಟ್ಟು. ಮಕ್ಕಳಿರುವ ಮನೆಯಲ್ಲಂತೂ ಇದು ಬೇಕೇ ಬೇಕು.

ಮಿಕ್ಸಿ, ಗೀಸರ್, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ ಎಸಿಯಲ್ಲೇ ಇವೆ. ಅವನ್ನು ಬದಲಿಸುವ ಆತುರ ನನಗಿಲ್ಲ. ಲ್ಯಾಪ್‌ಟಾಪ್ ಕಡೆಯಿಂದ ಆಗಲೇ ಒಳ್ಳೆಯ ಸುದ್ದಿ ಬಂದಿದೆ: 2021ರಲ್ಲಿ ಬಂದ ಯುಎಸ್‌ಬಿ ಪವರ್ ಡೆಲಿವರಿ 3.1 ಎಂಬ ಚಾರ್ಜಿಂಗ್ ಮಾನದಂಡದಲ್ಲಿ 48 ವೋಲ್ಟಿಗೆ 5 ಆಂಪ್, ಅಂದರೆ 240 ವಾಟ್‌ವರೆಗೆ ಟೈಪ್-ಸಿ ಕೇಬಲ್ಲಿನಲ್ಲೇ ಕೊಡಬಹುದು. ಹಾಗಾಗಿ ಓದುವ ಮೇಜಿನ ಹಿಂದೆ ಒಂದು ಡಿಸಿ ಪಾಯಿಂಟ್ ಜಾಸ್ತಿ ಬಿಟ್ಟಿದ್ದೇನೆ. ಬ್ಯಾಟರಿ ಇರುವ ಜಾಗದಿಂದ ಗಾಡಿ ನಿಲ್ಲಿಸುವ ಜಾಗಕ್ಕೂ ಒಂದು ದಪ್ಪ ಪೈಪು ಎಳೆದು, ಒಳಗೆ ಬರೀ ದಾರ ಹಾಕಿ ಇಟ್ಟಿದ್ದೇನೆ. ಯಾವ ವೈರು ಬೇಕಾದರೂ ಆಮೇಲೆ ಎಳೆದುಕೊಳ್ಳಬಹುದು, ಗೋಡೆ ಒಡೆಯುವ ಕೆಲಸವಿಲ್ಲ.