ಮನ ಕಲಕಿದ ಪುಸ್ತಕ, ನಿರಾಸೆ ತಂದ ಪುಸ್ತಕ: ಓದುಗನ ಅಭಿಪ್ರಾಯವನ್ನು ಬರೆಯುವ ಬಗೆ

ಕಾದಂಬರಿಯೊಂದನ್ನು ಓದಿ ಮುಗಿಸಿ ಅದರ ಬಗ್ಗೆ ನಾಲ್ಕು ಮಾತು ಬರೆಯಲು ಕುಳಿತಾಗ ಮೊದಲು ಕೈಗೆ ಬರುವುದು ಸಿದ್ಧ ವಾಕ್ಯಗಳು. ‘ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ’, ‘ಎಲ್ಲರೂ ಓದಲೇಬೇಕಾದ ಕೃತಿ’, ‘ಯಾಕೋ ಹಿಡಿಸಲಿಲ್ಲ’ ಎಂಬ ಮಾತುಗಳು ಸುಳ್ಳಲ್ಲದಿದ್ದರೂ ಯಾವ ಪುಸ್ತಕಕ್ಕೆ ಬೇಕಾದರೂ ಹೊಂದುವುದರಿಂದ, ಅವನ್ನು ಓದಿದವರಿಗೆ ಆ ಪುಸ್ತಕದ ಬಗ್ಗೆಯಾಗಲಿ, ಬರೆದ ಓದುಗನ ಬಗ್ಗೆಯಾಗಲಿ ಏನೂ ತಿಳಿಯುವುದಿಲ್ಲ. ಅಭಿಪ್ರಾಯ ವೈಯಕ್ತಿಕವಾಗಿಯೇ ಇರಬೇಕು. ಆದರೆ ಅದು ಪುಸ್ತಕದ ಒಳಗಿನ ಯಾವುದಾದರೂ ಒಂದು ಜಾಗವನ್ನು ಬೆರಳಿಟ್ಟು ತೋರಿಸುವಂತಿರಬೇಕು. ಮುಂದೆ ಹೇಳುವ ಸಲಹೆಗಳೆಲ್ಲ ಈ ಒಂದು ನಂಬಿಕೆಯಿಂದಲೇ ಹುಟ್ಟಿದವು.

ಕೆಲಸ ಓದುವಾಗಲೇ ಶುರುವಾಗುತ್ತದೆ. ಪುಸ್ತಕದೊಳಗೆ ಒಂದು ಚೀಟಿ ಇಟ್ಟುಕೊಂಡು, ಎಲ್ಲಿ ಓದು ತಾನಾಗಿ ನಿಂತಿತೋ, ಎಲ್ಲಿ ಬೇಸರವಾಗಿ ಪುಟ ಹಾರಿಸಬೇಕೆನಿಸಿತೋ, ಎಲ್ಲಿ ಹಿಂದಿನ ಪುಟಕ್ಕೆ ಮರಳಬೇಕಾಯಿತೋ ಅಲ್ಲಿನ ಪುಟಸಂಖ್ಯೆಯನ್ನೂ ಎರಡು ಪದಗಳನ್ನೂ ಬರೆದಿಟ್ಟುಕೊಂಡರೆ ಸಾಕು. ಕನ್ನಡ ಪುಸ್ತಕಗಳಲ್ಲಿ ಹಿರಿಯರಿಂದ ಮುನ್ನುಡಿ, ಬೆನ್ನುಡಿ ಬರೆಸುವ ರೂಢಿ ಗಟ್ಟಿಯಾಗಿದೆ. ಅವನ್ನು ಕೊನೆಯಲ್ಲಿ ಓದುವುದು ಲೇಸು. ಮೊದಲೇ ಓದಿದರೆ ಅವರ ಮೆಚ್ಚುಗೆಯ ಪದಗಳೇ ನಮ್ಮ ಬರಹದೊಳಗೆ ನುಸುಳುತ್ತವೆ, ಮತ್ತು ಅವು ನಮ್ಮವೇ ಎಂದು ನಾವು ಪ್ರಾಮಾಣಿಕವಾಗಿಯೇ ನಂಬಿಬಿಡುತ್ತೇವೆ.

ಮನ ಕಲಕಿದ ಪುಸ್ತಕದ ಬಗ್ಗೆ ಬರೆಯುವುದು ಸುಲಭವೆಂದು ತೋರುತ್ತದೆ, ನಿಜಕ್ಕೂ ಅದೇ ಕಷ್ಟ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳಬಹುದು. 1933ರಲ್ಲಿ ಪ್ರಕಟವಾದ ಈ ಸಣ್ಣ ಕಾದಂಬರಿಯನ್ನು ಓದಿದ ಬಹುತೇಕರು ‘ಕಣ್ಣಲ್ಲಿ ನೀರು ಬಂತು’ ಎನ್ನುತ್ತಾರೆ. ಕಣ್ಣೀರು ಬಂದದ್ದು ಸತ್ಯ. ಅದು ಎಲ್ಲಿಂದ ಬಂತೆಂಬುದನ್ನು ಹುಡುಕುವುದು ಬರೆಯುವವರ ಕೆಲಸ. ಚೋಮನ ಬಳಿ ಎತ್ತುಗಳಿವೆ, ಉಳಲು ನೆಲವಿಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಒಮ್ಮೆ ಅವನ ಕಡೆಗೆ ವಾಲಿದರೂ ಮನೆಯೊಳಗಿನಿಂದ ತಾಯಿಯ ವಿರೋಧ ಅಡ್ಡ ಬರುತ್ತದೆ. ಚೋಮನ ಆಸೆಯನ್ನು ಮುರಿಯುವುದು ಒಬ್ಬ ಕೆಟ್ಟ ಮನುಷ್ಯನ ಕ್ರೌರ್ಯವಲ್ಲ, ಒಳ್ಳೆಯವನೂ ಮೀರಲಾರದ ಒಂದು ಕಟ್ಟು. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ, ಮುಟ್ಟಬಾರದ ಜಾತಿಯ ಹುಡುಗನೆಂಬ ಕಾರಣಕ್ಕೆ ದಡದ ಜನ ಕೈ ಚಾಚದ ಪ್ರಸಂಗದಲ್ಲಿ ಕಾಣುವುದೂ ಅದೇ ಕಟ್ಟು. ಈ ಎರಡು ಜಾಗಗಳನ್ನು ಅಕ್ಕಪಕ್ಕದಲ್ಲಿಟ್ಟು ಬರೆದರೆ ‘ಕಣ್ಣಲ್ಲಿ ನೀರು ಬಂತು’ ಎಂದು ಬೇರೆಯಾಗಿ ಹೇಳುವ ಅಗತ್ಯವೇ ಬೀಳುವುದಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಯಸುವವರು ದುಡಿಯನ್ನೇ ಹಿಂಬಾಲಿಸಬಹುದು: ಸಂತೋಷಕ್ಕೂ ಸಿಟ್ಟಿಗೂ ಚೋಮ ಬಾರಿಸುವುದು ಅದನ್ನೇ, ಮಾತಿನಲ್ಲಿ ಹೇಳಲಾಗದ್ದೆಲ್ಲ ಅದರ ಮೂಲಕ ಹೊರಬರುತ್ತದೆ, ಹಾಗಾಗಿ ಕೊನೆಯಲ್ಲಿ ಅದು ಮೊಳಗುವಾಗ ವಿವರಣೆಯ ಒಂದು ವಾಕ್ಯವೂ ಬೇಕಾಗುವುದಿಲ್ಲ.

ಈ ಕಾದಂಬರಿಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಬಿ.ವಿ. ಕಾರಂತರ ನಿರ್ದೇಶನದಲ್ಲಿ 1975ರಲ್ಲಿ ಬಂದ ಚಲನಚಿತ್ರವನ್ನು ಮೊದಲು ನೋಡಿದವರಿಗೆ ಚೋಮನೆಂದರೆ ಎಂ.ವಿ. ವಾಸುದೇವರಾಯರ ಮುಖವೇ ಕಣ್ಣ ಮುಂದೆ ನಿಲ್ಲುತ್ತದೆ. ಚಿತ್ರದಲ್ಲಿ ಕಂಡದ್ದನ್ನು ಪುಸ್ತಕದಲ್ಲಿ ಓದಿದ್ದೆಂದು ಬರೆಯುವ ಮೊದಲು ಆ ಪುಟವನ್ನು ತೆರೆದು ನೋಡಬೇಕು.

ನಿರಾಸೆಯ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅನ್ಯಾಯ ಹೆಚ್ಚಾಗಿ ನಡೆಯುವುದು ಅಲ್ಲಿ. ‘ನಿರಾಸೆಯಾಯಿತು’ ಎಂದು ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಆಸೆಯನ್ನು ಹುಟ್ಟಿಸಿದವರು ಯಾರು? ಪುಸ್ತಕವೇ ಹುಟ್ಟಿಸಿ ಕೈಬಿಟ್ಟಿದ್ದರೆ ದೂರು ನ್ಯಾಯವಾದದ್ದು. ಬೇರೆಯವರ ಹೊಗಳಿಕೆಯಿಂದಲೋ, ಅದೇ ಲೇಖಕರ ಇನ್ನೊಂದು ಕೃತಿಯ ನೆನಪಿನಿಂದಲೋ ಹುಟ್ಟಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡು ಬರೆಯಬೇಕು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಹಲವರ ಕೈಯಲ್ಲಿ ಅರ್ಧಕ್ಕೆ ನಿಲ್ಲುತ್ತದೆ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಹೂವಳ್ಳಿ ಎಂದು ಮನೆಗಳೂ ಹೆಸರುಗಳೂ ಒಂದರ ಮೇಲೊಂದು ಬರುತ್ತಿರುವಾಗ ‘ನಾಯಕ ಯಾರು, ಕಥೆ ಎಲ್ಲಿ’ ಎಂಬ ಅಸಹನೆ ಸಹಜ. ಆದರೆ ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಲೇಖಕರು ಆರಂಭದಲ್ಲೇ ತಿಳಿಸಿರುವಾಗ, ನಾಯಕನಿಲ್ಲದಿರುವುದನ್ನು ದೋಷವೆನ್ನಲು ಬರುವುದಿಲ್ಲ. ಜೀತದಾಳು ಗುತ್ತಿಯ ಹಿಂದೆ ಹೊರಟ ಹುಲಿಯನೆಂಬ ನಾಯಿ ಕಡೆಗೆ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುವಾಗ ಮನುಷ್ಯರ ಸಾವಿನಷ್ಟೇ ಸಂಕಟವಾಗುವುದು ಆ ಮಾತನ್ನು ಕಾದಂಬರಿ ನಡೆಸಿಕೊಟ್ಟಿದ್ದರಿಂದಲೇ ಎಂದು ನನ್ನ ತಿಳಿವಳಿಕೆ. ಅರ್ಧಕ್ಕೆ ಬಿಟ್ಟವರೂ ಬರೆಯಬಹುದು, ಬರೆಯಲಿ. ಯಾವ ಪುಟದಲ್ಲಿ ಬಿಟ್ಟರೆಂದು ಹೇಳಿ, ಅಲ್ಲಿಯವರೆಗಿನ ಓದಿನ ಬಗ್ಗೆ ಮಾತ್ರ ಮಾತನಾಡಲಿ.

ಕೆಲವು ನಿರಾಸೆಗಳನ್ನು ಕೃತಿಯೇ ಬೇಕೆಂದು ಕೊಡುತ್ತದೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ (1980) ಹಾರುವ ಓತಿಯನ್ನು ಅರಸುತ್ತ ಕಾಡು ಹೊಕ್ಕ ತಂಡದ ಜೊತೆ ನಾವೂ ಅಷ್ಟು ದೂರ ನಡೆದ ಮೇಲೆ ಅದು ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಮೊದಲ ಓದಿಗೆ ‘ಇಷ್ಟೇನಾ?’ ಎನಿಸುವುದುಂಟು. ಹಾಗೆನಿಸಿದ್ದನ್ನು ಮುಚ್ಚಿಡಬಾರದು, ಆದರೆ ಓತಿ ಸಿಕ್ಕಿದ್ದರೆ ಪುಸ್ತಕ ಏನಾಗುತ್ತಿತ್ತು ಎಂದು ಯೋಚಿಸಿ, ಬಂದ ಉತ್ತರವನ್ನೂ ಅದರ ಪಕ್ಕದಲ್ಲಿ ಬರೆಯಬೇಕು.

ಭಾಷೆಯ ತೊಡಕಿನಿಂದಾಗುವ ನಿರಾಸೆ ಬೇರೆ ಬಗೆಯದು. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಧಾರವಾಡದ ಅಥವಾ ಮಂಗಳೂರಿನ ಓದುಗನಿಗೆ ಕಣ್ಣೋಟದಲ್ಲಿ ಸುಲಭವಾಗಿ ದಕ್ಕುವುದಿಲ್ಲ. ಇಂಥ ಕೃತಿಯ ಬಗ್ಗೆ ತೀರ್ಮಾನ ಕೊಡುವ ಮೊದಲು ಎರಡು ಮೂರು ಪುಟಗಳನ್ನು ಗಟ್ಟಿಯಾಗಿ ಓದಬೇಕು, ಸಾಧ್ಯವಾದರೆ ಆ ಸೀಮೆಯವರಿಂದ ಓದಿಸಿ ಕೇಳಬೇಕು. ಕಣ್ಣಿಗೆ ಗಂಟುಗಂಟಾಗಿ ಕಂಡ ಸಾಲು ಕಿವಿಯಲ್ಲಿ ಬಿಡಿಸಿಕೊಳ್ಳುತ್ತದೆ. ಆಮೇಲೂ ಒಲಿಯದಿದ್ದರೆ ಹಾಗೆಯೇ ಬರೆಯಬಹುದು, ಸಂಕೋಚ ಬೇಡ.

ವಿಚಾರವನ್ನು ಒಪ್ಪದಿರುವುದನ್ನೂ ಕೃತಿ ಸೋತಿದೆ ಎನ್ನುವುದನ್ನೂ ಬೆರೆಸದಿರುವುದು ಎಲ್ಲಕ್ಕಿಂತ ಕಠಿಣ. 2007ರಲ್ಲಿ ಎಸ್.ಎಲ್. ಭೈರಪ್ಪನವರ ‘ಆವರಣ’ ಬಂದಾಗ ನಡೆದ ವಾಗ್ವಾದ ಬಹುಪಾಲು ಇತಿಹಾಸದ ಕುರಿತಾಗಿತ್ತು. ಮೆಚ್ಚಿದವರೂ ವಿರೋಧಿಸಿದವರೂ ಅದನ್ನೇ ಚರ್ಚಿಸಿದರು. ಆ ಚರ್ಚೆ ಬೇಕಾದದ್ದೇ. ಆದರೆ ಕಾದಂಬರಿಯೊಳಗೊಂದು ಕಾದಂಬರಿ ಇರುವ ಅದರ ರಚನೆ ನಿಂತಿದೆಯೇ, ಪಾತ್ರಗಳು ವಾದ ಮಂಡಿಸಲಷ್ಟೇ ಬಾಯಿ ತೆರೆಯುತ್ತವೆಯೇ ಎಂಬುದು ಪ್ರತ್ಯೇಕ ಪ್ರಶ್ನೆ. ಇದಕ್ಕೆ ಉತ್ತರ ಕೊಡಬೇಕಾದವರು ಪುಸ್ತಕ ಓದಿದವರೇ ಹೊರತು ಅದರ ಸುದ್ದಿ ಕೇಳಿದವರಲ್ಲ. ಎರಡು ಪ್ರಶ್ನೆಗಳಿಗೆ ಬೇರೆ ಬೇರೆ ಪ್ಯಾರಾ ಕೊಟ್ಟರೆ ಗೊಂದಲ ತಾನಾಗಿ ತಗ್ಗುತ್ತದೆ: ಈ ವಿಚಾರ ನನಗೆ ಒಪ್ಪಿಗೆಯೇ ಎಂಬುದು ಒಂದು, ಒಪ್ಪದವನನ್ನೂ ಈ ಕಥೆ ಹಿಡಿದು ನಿಲ್ಲಿಸುತ್ತದೆಯೇ ಎಂಬುದು ಇನ್ನೊಂದು.

ಅನುವಾದಿತ ಕೃತಿಯಾದರೆ ಅನುವಾದಕರ ಹೆಸರನ್ನು ಬರೆಯಲೇಬೇಕು. ವಾಕ್ಯಗಳು ಎಡವುತ್ತಿದ್ದರೆ ಒಂದು ವಾಕ್ಯವನ್ನಾದರೂ ಉದ್ಧರಿಸಬೇಕು. ಉದ್ಧರಿಸುವಾಗ ಮುದ್ರಣದ ವರ್ಷವನ್ನೂ ಕೊಡುವುದು ಒಳ್ಳೆಯದು, ಏಕೆಂದರೆ ಮರುಮುದ್ರಣಗಳಲ್ಲಿ ಪುಟಸಂಖ್ಯೆ ಬದಲಾಗುತ್ತದೆ. ಕಥೆಯ ಸಾರಾಂಶ ನಾಲ್ಕೈದು ಸಾಲಿಗೆ ಮೀರದಿರಲಿ. ಕಥೆಯ ತಿರುವನ್ನು ಬಿಟ್ಟುಕೊಡದೆ ಅಭಿಪ್ರಾಯ ಹೇಳಲಾಗದ ಸಂದರ್ಭವಿದ್ದರೆ, ಅಂತ್ಯವನ್ನು ಚರ್ಚಿಸುತ್ತಿರುವುದಾಗಿ ಮೊದಲೇ ಸೂಚಿಸಬೇಕು. ಪತ್ತೇದಾರಿ ಕಾದಂಬರಿಗಳಲ್ಲಿ ಇದು ಸೌಜನ್ಯದ ಮಾತಷ್ಟೇ ಅಲ್ಲ, ಓದುಗರ ಹಕ್ಕು.

ಪರಿಚಿತರ ಪುಸ್ತಕ ಓದಿ ನಿರಾಸೆಯಾದಾಗ ಏನು ಮಾಡಬೇಕೆಂದು ಕೇಳುವವರಿದ್ದಾರೆ. ಪರಿಚಯವಿದೆಯೆಂದು ಮೊದಲ ಸಾಲಿನಲ್ಲಿ ತಿಳಿಸಿ, ಮೆಚ್ಚದ ಜಾಗವನ್ನು ಪುಟಸಹಿತ ತೋರಿಸುವುದೇ ನ್ಯಾಯವಾದ ಮಾರ್ಗ. ಅಷ್ಟು ಧೈರ್ಯವಿಲ್ಲದಿದ್ದರೆ ಸಾರ್ವಜನಿಕವಾಗಿ ಬರೆಯದೆ ಅವರಿಗೇ ಪತ್ರ ಬರೆಯಬಹುದು. ಸುಳ್ಳು ಹೊಗಳಿಕೆ ಮಾತ್ರ ಕೂಡದು. ಅದನ್ನು ನಂಬಿ ಹಣ ಕೊಟ್ಟು ಪುಸ್ತಕ ಕೊಂಡವರು ಆ ಲೇಖಕರ ಮುಂದಿನ ಪುಸ್ತಕವನ್ನು ಮುಟ್ಟುವುದಿಲ್ಲ.

ಬರೆದು ಮುಗಿಸಿದ ಮೇಲೆ ತಾರೀಖು ಹಾಕಿಡಬೇಕು. ವರ್ಷಗಳು ಕಳೆದು ಅದೇ ಪುಸ್ತಕವನ್ನು ಮತ್ತೆ ಓದಿದಾಗ ಅಭಿಪ್ರಾಯ ಬದಲಾಗಿದ್ದರೆ ಹಳೆಯದನ್ನು ಅಳಿಸದೆ, ತಿದ್ದದೆ, ಅದರ ಕೆಳಗೆ ಹೊಸ ತಾರೀಖಿನೊಂದಿಗೆ ಹೊಸದನ್ನು ಬರೆಯಬೇಕು.