ರಿಮೋಟ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡೋ ಮುಂಚೆ ಇಷ್ಟು ನೋಡ್ರಿ

ಬಾಗಲಕೋಟೆಯಾಗ ಕೂತು ಇಳಕಲ್, ಜಮಖಂಡಿ, ಮುಧೋಳದ ಅಂಗಡಿಗಳ ಬಿಲ್ಲಿಂಗ್ ಕಂಪ್ಯೂಟರ್ ನೋಡಿಕೊಳ್ಳೋ ಗೆಳೆಯರಿಗೆ ಈ ಮಾತು. ದೂರದಿಂದ ಕಂಪ್ಯೂಟರ್ ನಡೆಸೋ ಯಾವ ರಿಮೋಟ್ ಸಾಫ್ಟ್‌ವೇರ್‌ನಿಂದ ಒಳಗ ಹೋಗೀರಿ, ಅದನ್ನ ಅದರೊಳಗಿಂದನ ಕೈಯಾರೆ ಅಪ್‌ಡೇಟ್ ಮಾಡಬ್ಯಾಡ್ರಿ. ಇನ್‌ಸ್ಟಾಲರ್ ಹಳೆ ಸರ್ವಿಸ್ (ಹಿನ್ನೆಲೆಯಾಗ ಓಡೋ ಅದರ ಭಾಗ) ನಿಲ್ಲಿಸಿದ ಕೂಡಲೇ ಕನೆಕ್ಷನ್ ಹೋಗ್ತದ. ಆಮ್ಯಾಲೆ ಪರದೆ ಮ್ಯಾಲೆ ಏನರ ಕೇಳಿದ್ರ ಬಟನ್ ಒತ್ತೋರು ಯಾರು?

ಎಂಎಸ್‌ಐ ಪ್ಯಾಕೇಜ್ (ವಿಂಡೋಸ್ ಇನ್‌ಸ್ಟಾಲರ್ ಓಡಿಸೋ ಫೈಲ್) ಸಿಗ್ತಿದ್ರ ಅದನ್ನ ತಗೋರಿ. ಮೊದಲು ಆ ಕಂಪ್ಯೂಟರಿಗೆ ಕಾಪಿ ಮಾಡಿ, ಟಾಸ್ಕ್ ಶೆಡ್ಯೂಲರ್‌ನ್ಯಾಗ (ಹೇಳಿದ ಹೊತ್ತಿಗೆ ಕೆಲಸ ನಡೆಸೋ ವಿಂಡೋಸ್ ಸೌಲಭ್ಯ) ಸಿಸ್ಟಮ್ ಅಕೌಂಟ್‌ನಿಂದ (ವಿಂಡೋಸ್‌ನ ಸ್ವಂತ ಖಾತೆ) ಓಡೋ ಹಂಗ ಹಚ್ಚಿಬಿಡ್ರಿ. ಏನೂ ಕೇಳದ ಸೈಲೆಂಟ್ ಆಗಿ ನಡೀಬೇಕು, ತಾನ ರೀಸ್ಟಾರ್ಟ್ ಆಗಬಾರದು, ಏನೇನು ನಡೀತು ಅಂತ ಲಾಗ್ ಫೈಲ್ ಬರೀಬೇಕು. ಅಂಗಡಿ ಮುಚ್ಚಿದ ಮ್ಯಾಲಿನ ಹೊತ್ತು ಚಲೋ. ಕೊನೆಗೆ ಇನ್‌ಸ್ಟಾಲರ್ ಒಂದು ಕೋಡ್ ಕೊಡ್ತದ: 0 ಬಂದ್ರ ಕೆಲಸ ಆತು. 3010 ಅಂದ್ರ ಆಗೇದ, ರೀಸ್ಟಾರ್ಟ್ ಬಾಕಿ. 1603 ಬಂದ್ರ ಕೆಟ್ಟದ, ಲಾಗ್ ತೆಗೆದು ನೋಡ್ರಿ.

ನೀವ ಪ್ಯಾಕೇಜ್ ಕಟ್ಟೋರಾದ್ರ ಇದು ಭಾಳ ಮುಖ್ಯ: ವಿಂಡೋಸ್ ಇನ್‌ಸ್ಟಾಲರ್ ವರ್ಷನ್‌ನ ಮೊದಲ ಮೂರು ಅಂಕಿಗಳನ್ನಷ್ಟೇ ಹೋಲಿಸ್ತದ. 2.4.1.7 ಇದ್ದದ್ದನ್ನ 2.4.1.8 ಮಾಡಿದ್ರ ಅದಕ್ಕ ಎರಡೂ ಒಂದ. ಮೂರನೇ ಅಂಕಿ ಏರಿಸಿ 2.4.2 ಮಾಡ್ರಿ. ಅಪ್‌ಗ್ರೇಡ್ ಕೋಡ್ (ಎಲ್ಲಾ ವರ್ಷನ್ ಒಂದ ಸಾಫ್ಟ್‌ವೇರ್‌ದವು ಅಂತ ತೋರಿಸೋ ಗುರುತು) ಎಂದೂ ಬದಲಿಸಬ್ಯಾಡ್ರಿ, ಪ್ರಾಡಕ್ಟ್ ಕೋಡ್ (ಆ ಒಂದು ವರ್ಷನ್‌ನ ಗುರುತು) ಮಾತ್ರ ಹೊಸದು ಕೊಡ್ರಿ. ಇಲ್ಲಾಂದ್ರ ಹಳೇದು, ಹೊಸದು ಎರಡೂ ಒಳಗ ಕೂತು ತ್ರಾಸ ಕೊಡ್ತಾವ.

ಒಳಗ ಹೋಗಾಕ ಇನ್ನೊಂದು ದಾರಿ ತಯಾರ ಇಟ್ಟು ಶುರು ಮಾಡ್ರಿ. ಮೊದಲ ಒಂದ ಅಂಗಡಿ, ಅದು ಸರಿ ನಡದ ಮ್ಯಾಲೆ ಉಳಿದವು.